ಘಾಟಿನ ಲೆಕ್ಕ

ಧಾರವಾಡದಾಗ ಈ ಹೊತ್ತು ಕರೆಂಟಿಲ್ಲ.
ಎಣಿಸುವ ಯಂತ್ರವೊಂದೇ ಬ್ಯಾಟರಿಯ ಮೇಲೆ
ಎವೆ ಮುಚ್ಚದೆ ಕೂತಿದೆ.
ಅದರ ಹೊಟ್ಟೆಯ ಕತ್ತಲಲ್ಲಿ ಹೆಬ್ಬೆರಳಷ್ಟು ಶೀಶೆ,
ಶೀಶೆಯ ದ್ರವದಲ್ಲಿ ನಿಕಲ್ ಅರವತ್ಮೂರು.
ಅರ್ಧ ಸವೆಯಲು ನೂರು ವರ್ಷ ಬೇಕು ಅದಕ್ಕೆ.
ನಾಳೆ ಹನ್ನೊಂದಕ್ಕೆ ಸಹಿ ಬೇಕು ನನಗೆ.

ನಿಕಲ್ಲಿನ ಒಂದು ಕಣ ತಾಮ್ರವಾಗುವಾಗ
ಒಂದು ಎಲೆಕ್ಟ್ರಾನು ಹೊರಬೀಳುತ್ತದೆ,
ದ್ರವದಲ್ಲಿ ಒಂದು ಮಿಣುಕು.
ಮಿಣುಕು ಎಣಿಸಿದರೆ ಮುಗಿಯಿತಲ್ಲ ಎಂದುಕೊಂಡಿದ್ದೆ
ಇಲ್ಲಿಗೆ ಬಂದ ಹೊಸದರಲ್ಲಿ.
ಗಳಿಕೆ ಒಂದೇ, ಪಾಲುದಾರರು ಇಬ್ಬರು.
ಇವನು ಬೆಳಕು ಚೆಲ್ಲಿ ಸಾಯುತ್ತಾನೆ,
ಅವನು, ನ್ಯೂಟ್ರಿನೋ,
ಗೋಡೆ, ಗುಡ್ಡ, ಇಡೀ ಭೂಮಿ ದಾಟಿ
ಯಾರನ್ನೂ ಮುಟ್ಟದೆ ಹೊರಟುಹೋಗುತ್ತಾನೆ.
ಒಂದು ಸಲದ ಪಾಲು ಇನ್ನೊಂದು ಸಲಕ್ಕಿಲ್ಲ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಮ್ಮವ್ವ ಫಕ್ಕೀರವ್ವ
ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.
ಚೀಲ ತಕ್ಕಡಿಗೆ ಬಿದ್ದಾಗ ಏಳುವ ಕೆಂಪು ಧೂಳು
ಬಿಸಿಲಿನ ಕೋಲಿನೊಳಗೆ ಹತ್ತಿ ಹೋಗುತ್ತಿತ್ತು.
'ಇಷ್ಟ್ ಹಾರಿ ಹೋತಲ್ಲ, ಇದನ್ನ ಯಾರ್ ತೂಗತಾರ?'
ತೂಕದ ಕೊಟ್ರಗೌಡ ನಕ್ಕಿದ್ದ:
'ನೀ ಸೀನಿದಿ ನೋಡು, ಅದ ಅದರ ತೂಕ.'

ನ್ಯೂಟ್ರಿನೋಕ್ಕೆ ಯಾರೂ ಸೀನುವುದಿಲ್ಲ, ಗೌಡ.

ಯಂತ್ರಕ್ಕೂ ಒಂದು ಹೊಸ್ತಿಲು.
ಪಾಲು ಕಡಿಮೆ ಬಿದ್ದ ಎಲೆಕ್ಟ್ರಾನಿನ ಮಿಣುಕು
ಹೊಸ್ತಿಲು ದಾಟುವುದಿಲ್ಲ.
ಬಂದು ಬಾಗಿಲು ಬಡಿದವರ ಲೆಕ್ಕ ಯಂತ್ರದ್ದು,
ಬಾರದವರ ಲೆಕ್ಕ ನನ್ನದು:
ಗೆರೆ ಎಳೆಯಬೇಕು, ಬಾಗಿಸಬೇಕು,
ಕಾಣದ ತಳದಲ್ಲಿ ಅದು ಏಳುತ್ತದೋ ಇಳಿಯುತ್ತದೋ
ಕಾಗದದ ಮೇಲೆ ಕಂಡುಹಿಡಿಯಬೇಕು.

'ಹಳೇ ಸೂತ್ರ ಐತಲ್ರಿ, ಹಾಕಿ ಮುಗಸ್ರಿ' ಅಂದರು ಹಂಚಿನಮನಿ ಸರ್.
ಹಳೇ ಸೂತ್ರ ಒಳ್ಳೆಯದೇ.
ಬರೀ ಹೊರಗೆ ಹೊರಟವನನ್ನು ನೋಡುತ್ತದೆ,
ಮನೆಯಲ್ಲಿ ಮೊದಲೇ ಕೂತವರನ್ನು ಮರೆಯುತ್ತದೆ.
ನಡೆಯುವುದು ಹೀಗೂ ಉಂಟು:
ಹೊರಟವನು ಬಾಗಿಲಲ್ಲೇ ತಡೆದು
ಒಳಗಿನ ಒಬ್ಬನ ಚಾಪೆಯ ಮೇಲೆ ಕೂತುಬಿಡುತ್ತಾನೆ;
ಕೂತಿದ್ದವನು ಎದ್ದು ಇವನಾಗಿ ನಡೆಯುತ್ತಾನೆ.
ಗುರುತು ಹಿಡಿಯಲು ಮಚ್ಚೆಯಿಲ್ಲ, ಮುಖವಿಲ್ಲ.

ಹುಲಿಗೆವ್ವನಿಗೆ ಜ್ವರ ಬಂದ ವಾರವೆಲ್ಲ
ಅವಳ ಪಾಳಿಗೆ ಅವ್ವ ಹೋದಳು.
ಘಾಟಿಗೆ ಎಲ್ಲರೂ ಕಣ್ಣಷ್ಟೇ ಬಿಟ್ಟು
ಸೆರಗು ಸುತ್ತಿಕೊಂಡ ಸಾಲು.
ಮುನೀಮನ ವಹಿಯಲ್ಲಿ ಹುಲಿಗೆವ್ವ, ಆರು ದಿನ ಹಾಜರು.
ತಪ್ಪೆನ್ನಲೇ? ತೊಟ್ಟು ಬಿಡಿಸಿದ ಕಾಯಿ ಅಷ್ಟೇ ಇತ್ತು.

ರಾತ್ರಿ ಎರಡರವರೆಗೆ ಕೂಡಿದೆ.
ಈ ಅದಲುಬದಲು ಸೇರಿಸಿದ ಕೂಡಲೇ
ಗೆರೆಯ ತಳ ಮೇಲೆದ್ದಿತು.
ಹೊಸ್ತಿಲ ಕೆಳಗೆ ನಾವು ತಿಳಿದದ್ದಕ್ಕಿಂತ
ಹೆಚ್ಚು ಜನ ಇದ್ದರು.
ಇಷ್ಟು ವರ್ಷ ಕಡಿಮೆ ಬರೆದಿದ್ದೆವು,
ದೊಡ್ಡದೇನಲ್ಲ, ನೂರಕ್ಕೆ ಒಂದೋ ಒಂದೂವರೆಯೋ.
ಆದರೂ ಇನ್ನೊಂದು ಊರಿನ ಪ್ರಯೋಗಾಲಯದ ಅಂಕಿಗೂ ನಮ್ಮದಕ್ಕೂ
ಕೂದಲೆಳೆಯ ಸಂದು ಉಳಿಯಿತು.
ಮುಚ್ಚಲು ನೋಡಿದೆ. ಮುಚ್ಚಲಿಲ್ಲ.
ಸಂದಿನ ಅಗಲ ಬರೆದು ಕೆಳಗೆ ಸಹಿ ಹಾಕಿದೆ.

'ಗೊತ್ತಿಲ್ಲ ಅಂತ ಸಹಿ ಮಾಡೀರೇನ್ರೀ?'
'ಎಷ್ಟು ಗೊತ್ತಿಲ್ಲ ಅಂತ ಬರದೀನ್ರೀ ಸರ್.'
ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

ಸಪ್ತಾಪುರದ ಮನೆಯಲ್ಲಿ ಅವ್ವ ಮೆಣಸಿನಕಾಯಿ ಹುರಿಯುತ್ತಿದ್ದಳು.
ಚಪ್ಪಲಿ ಬಿಡುವಾಗಲೇ ಸೀನಿದೆ.
'ಒಂದು' ಅಂದಳು ಒಳಗಿಂದ. 'ಇನ್ನೊಂದು ಬರಲಿ,
ಒಂಟಿ ಸೀನು ಛಲೋ ಅಲ್ಲ.'
ಸೌಟು ನಿಲ್ಲಿಸಿ ಕಾದಳು.
ನಾನೂ ಬಾಯಿ ತೆರೆದು ಕಾದೆ.
ಮೂಗಿನ ತುದಿಗೆ ಬಂದದ್ದು
ಹೊಸ್ತಿಲ ಕೆಳಗೇ ಉಳಿಯಿತು.